ಬೈಸಿಕಲ್ಲಿಗೊಂದು ಹಾದಿ

ನಮ್ಮ ಸಂಘದ ಹಿರಿಯ ಸದಸ್ಯರು ನಾಲ್ವರು ಒಂದೆಡೆ ಸೇರಿದರೆ ಒಂದು ಮಾತು ಬಾರದೆ ಹೋಗುವುದಿಲ್ಲ: ಒಂದು ಕಾಲಕ್ಕೆ ಪುಣೆಯೆಂದರೆ ಬೈಸಿಕಲ್ಲುಗಳ ಊರು. ಧಾರವಾಡ, ಬೆಳಗಾವಿ, ವಿಜಾಪುರಗಳಿಂದ ನೌಕರಿಗೆಂದೋ ಓದಿಗೆಂದೋ ಬಂದಿಳಿದ ನಮ್ಮವರು ಕೋಣೆ ಹಿಡಿದ ಮೇಲೆ ಮೊದಲು ಕೊಳ್ಳುತ್ತಿದ್ದುದು ಹಳೆಯದೊಂದು ಸೈಕಲ್ಲು. ಖಡಕಿಯ ಕಾರ್ಖಾನೆಗಳ ಭೋಂಗಾ ಆದರೆ ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಸೈಕಲ್ಲುಗಳದೇ ಹೊಳೆ. ರಾಜ್ಯೋತ್ಸವದ ಕರಪತ್ರಗಳು ಮನೆಮನೆಗೆ ತಲುಪುತ್ತಿದ್ದುದು ಸೈಕಲ್ಲಿನ ಮೇಲೆ. ನಾಟಕದ ತಾಲೀಮಿಗೆ ಹಾರ್ಮೋನಿಯಮ್ಮು ಬರುತ್ತಿದ್ದುದು ಅದರ ಕ್ಯಾರಿಯರಿನ ಮೇಲೆ.

ಇಂದು ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳನ್ನು ನೋಡುತ್ತೇವೆ. ಅರ್ಧ ಮೈಲಿ ದೂರದ ಮನೆಯ ಮಗುವೂ ತಂದೆಯ ಕಾರಿನಲ್ಲಿಯೋ ತಾಯಿಯ ಸ್ಕೂಟರಿನ ಹಿಂದೆಯೋ ಬಂದಿಳಿಯುತ್ತದೆ. ಸೈಕಲ್ಲು ಇಲ್ಲವೆ ಎಂದು ಕೇಳಿದರೆ, ಒಬ್ಬ ತಾಯಿ ಹೇಳಿದರು: “ಸೈಕಲ್ಲೇನೋ ಕೊಡಿಸೀವ್ರಿ, ಗೇಟಿನ ಹೊರಗ ಬಿಡಾಕ ಧೈರ್ಯ ಬರವಲ್ದು.” ಆ ತಾಯಿಯ ಮಾತಿನಲ್ಲಿ ತಪ್ಪು ಹುಡುಕುವ ಎದೆ ನಮಗಿಲ್ಲ. 2022ನೆಯ ವರ್ಷ ಒಂದರಲ್ಲಿಯೇ ನಮ್ಮ ದೇಶದ ರಸ್ತೆಗಳ ಮೇಲೆ 1,68,491 ಜನ ಪ್ರಾಣ ಕಳೆದುಕೊಂಡರೆಂದು ಸರ್ಕಾರದ ವರದಿಯೇ ಹೇಳುತ್ತದೆ. ಹಾಗಿರುವಾಗ ಗೇಟಿನ ಹೊರಗೆ ಬಿಡುವುದು ಹೇಗೆ?

ಇಂಥ ಮಾತು ಬಂದಾಗ ಹಾಲೆಂಡಿನ ಉದಾಹರಣೆ ಕೊಡುವುದುಂಟು. ಕೊಟ್ಟೊಡನೆ ಉತ್ತರವೂ ಸಿದ್ಧವಾಗಿರುತ್ತದೆ: “ಅವರದು ಸಮತಟ್ಟಾದ ನಾಡು, ತಂಪು ಹವೆ, ಅವರು ಹುಟ್ಟು ಸವಾರರು. ನಮಗೂ ಅವರಿಗೂ ಎಲ್ಲಿಯ ಹೋಲಿಕೆ?” ಈ ಉತ್ತರ ಅರ್ಧ ನಿಜ. ಉಳಿದರ್ಧವನ್ನು ಆ ನಾಡಿನ ಚರಿತ್ರೆಯೇ ಸುಳ್ಳು ಮಾಡುತ್ತದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೈಸಿಕಲ್ಲು ಹುಟ್ಟಿದ್ದು ಹಾಲೆಂಡಿನಲ್ಲಲ್ಲ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮಿನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಗಾಲಿಗಳ ಮರದ ಯಂತ್ರವೊಂದನ್ನು ಮಾಡಿ, ನೆಲವನ್ನು ಕಾಲಿನಿಂದ ಒದೆಯುತ್ತ ಓಡಿಸಿದನು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡು ಸಮ ಗಾಲಿಗಳ, ಹಿಂದಿನ ಗಾಲಿಗೆ ಸರಪಳಿಯಿದ್ದ ರೋವರ್ ಗಾಡಿಯನ್ನು ಮಾಡಿದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದನು. ಅಲ್ಲಿಗೆ ಇಂದು ನಾವು ಕಾಣುವ ಸೈಕಲ್ಲು ಸಿದ್ಧವಾದಂತೆಯೇ ಸರಿ.

ಡಚ್ಚರು ಅದನ್ನು ಬೇಗನೆ ಒಲಿಸಿಕೊಂಡರು. 1885ರಲ್ಲಿಯೇ ಉಟ್ರೆಕ್ಟ್ ನಗರದ ಮಾಲಿಬಾನ್ ಎಂಬ ಸಾಲುಮರಗಳ ಬೀದಿಯಲ್ಲಿ ಸವಾರರಿಗೆಂದೇ ಒಂದು ಹಾದಿಯಾಯಿತು. ಅದನ್ನು ಆ ದೇಶದ ಮೊದಲ ಬೈಸಿಕಲ್ ಹಾದಿಯೆಂದು ಎಣಿಸುತ್ತಾರೆ. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಅಲ್ಲಿಯ ಗುಮಾಸ್ತನೂ ಕೂಲಿಕಾರನೂ ಶಾಲೆಯ ಮಾಸ್ತರನೂ ಸೈಕಲ್ಲು ಹತ್ತಿದರು. ಸರ್ಕಾರ ಸುಮ್ಮನಿದ್ದೀತೆ? 1924ರಲ್ಲಿ ಸೈಕಲ್ಲಿಗೆ ತೆರಿಗೆ ಹಾಕಿತು; ತೆರಿಗೆ ಕಟ್ಟಿದವನು ಲೋಹದ ಬಿಲ್ಲೆಯೊಂದನ್ನು ಸೈಕಲ್ಲಿಗೆ ತಗುಲಿಸಿಕೊಳ್ಳಬೇಕಾಗಿತ್ತು. ನಮ್ಮ ಊರುಗಳಲ್ಲಿ ಪುರಸಭೆಯ ಹಿತ್ತಾಳೆ ಬಿಲ್ಲೆಗಾಗಿ ಸಾಲು ನಿಂತವರಿಗೆ, ದೀಪವಿಲ್ಲದೆ ಪೊಲೀಸರ ಕೈಗೆ ಸಿಕ್ಕಿ ಗಾಳಿ ಬಿಡಿಸಿಕೊಂಡವರಿಗೆ ಇದು ಹೊಸ ಕಥೆಯೇನೂ ಅಲ್ಲ. 1941ರವರೆಗೆ ಆ ತೆರಿಗೆ ನಡೆಯಿತು. ಆ ಮೇಲೆ ದೇಶವನ್ನು ಆಕ್ರಮಿಸಿದ್ದ ಜರ್ಮನರು ಸೈಕಲ್ಲುಗಳನ್ನೇ ಕಿತ್ತುಕೊಂಡು ಹೋದರು. ಆ ನೋವನ್ನು ಡಚ್ಚರು ಬಹುಕಾಲ ಮರೆಯಲಿಲ್ಲ.

ಇಲ್ಲಿಯವರೆಗಿನ ಕಥೆ ಕೇಳಿದರೆ ಹುಟ್ಟು ಸವಾರರೆಂಬ ಮಾತು ಸರಿಯೆಂದೇ ತೋರುತ್ತದೆ. ಆದರೆ ಯುದ್ಧ ಮುಗಿದ ಮೇಲೆ ನಡೆದುದೇನು?

ನಾಡು ಚೇತರಿಸಿಕೊಂಡಿತು, ಕೈಯಲ್ಲಿ ಹಣ ಓಡಾಡಿತು, ಹಣವಿದ್ದವರು ಮೋಟಾರು ಕೊಂಡರು. 1950ರ ದಶಕದಿಂದ ಮುಂದೆ ಅಲ್ಲಿಯ ನಗರಗಳು ನಮ್ಮ ಇಂದಿನ ನಗರಗಳಂತೆಯೇ ವರ್ತಿಸಿದವು. ಸಂತೆಯ ಚೌಕಗಳು ಮೋಟಾರು ನಿಲ್ಲಿಸುವ ಜಾಗಗಳಾದವು. ರಸ್ತೆ ಅಗಲಿಸಲು ಮನೆಗಳು ಉರುಳಿದವು. ಉಟ್ರೆಕ್ಟಿನಲ್ಲಿ ಊರ ಸುತ್ತಣ ಹಳೆಯ ಕಾಲುವೆಯ ಒಂದು ಭಾಗವನ್ನು ಬರಿದು ಮಾಡಿ ಅಲ್ಲಿ ಮೋಟಾರುಗಳಿಗೆ ಹೆದ್ದಾರಿ ಮಾಡಿದರು. 1967ರಲ್ಲಿ ಡೇವಿಡ್ ಜೋಕಿನೆನ್ ಎಂಬ ಅಮೆರಿಕದ ತಜ್ಞನು ಆಮ್‌ಸ್ಟರ್‌ಡಾಮಿನ ಹಳೆಯ ಬಡಾವಣೆಗಳನ್ನು ಕೆಡವಿ ಊರ ನಡುವಿಗೆ ಹೆದ್ದಾರಿ ತರುವ ಯೋಜನೆಯನ್ನೇ ಮುಂದಿಟ್ಟನು. ಸೈಕಲ್ಲು ಬಡವರ ಗಾಡಿ, ಹಿಂದಿನ ಕಾಲದ ಗಾಡಿ. ಇನ್ನು ಕೆಲವು ವರ್ಷಗಳಲ್ಲಿ ತಾನಾಗಿಯೇ ಮಾಯವಾಗುವುದೆಂಬ ಭಾವನೆ ಬಲವಾಗಿತ್ತು. ಸಮತಟ್ಟಾದ ನೆಲ ಅಂದೂ ಇತ್ತು, ತಂಪು ಹವೆ ಅಂದೂ ಇತ್ತು. ಆದರೂ ವರ್ಷ ವರ್ಷಕ್ಕೆ ಸವಾರರು ಕಡಿಮೆಯಾಗುತ್ತಲೇ ಹೋದರು.

ಕಡಿಮೆಯಾಗದೆ ಇದ್ದುದು ಸಾವು. 1971ರಲ್ಲಿ ಸುಮಾರು ಒಂದು ಕೋಟಿ ಮೂವತ್ತು ಲಕ್ಷ ಜನರ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಹಾಗೆ ಮಗಳನ್ನು ಕಳೆದುಕೊಂಡ ತಂದೆಯೊಬ್ಬನು ಪತ್ರಿಕೋದ್ಯೋಗಿಯಾಗಿದ್ದನು. ಅವನ ಹೆಸರು ವಿಕ್ ಲಾಂಗನ್‌ಹಾಫ್. 1972ರಲ್ಲಿ ಅವನು ತನ್ನ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದನು. ಮಕ್ಕಳ ಕೊಲೆಯನ್ನು ನಿಲ್ಲಿಸಿ ಎಂಬುದೇ ಅದರ ತಲೆಬರಹದ ಅರ್ಥ. ಅಪಘಾತವೆನ್ನದೆ ಕೊಲೆಯೆಂದು ಕರೆದದ್ದು ಜನರ ಎದೆಗೆ ನಾಟಿತು. ಅದೇ ಹೆಸರಿನಲ್ಲಿ ಒಂದು ಚಳವಳಿ ಹುಟ್ಟಿತು. ಮಾರ್ಟ್ಯೆ ವಾನ್ ಪುಟೆನ್ ಎಂಬ ತರುಣಿ ಅದರ ಮೊದಲ ಅಧ್ಯಕ್ಷೆಯಾದಳು.

ಆ ಚಳವಳಿಯ ರೀತಿ ಗಮನಿಸತಕ್ಕದ್ದು. ಸಾವು ಸಂಭವಿಸಿದ ಸ್ಥಳಗಳಲ್ಲಿ ಜನ ಹೋಗಿ ಕುಳಿತರು. ಬೀದಿಯನ್ನು ಒಂದು ದಿನದ ಮಟ್ಟಿಗೆ ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. ಮೇಜುಗಳನ್ನು ಹೊರಗೆ ತಂದು ಬೀದಿಯಲ್ಲಿಯೇ ಊಟ ಮಾಡಿದರು. ಆಮ್‌ಸ್ಟರ್‌ಡಾಮಿನ ಡೆ ಪೈಪ್ ಎಂಬ ಇಕ್ಕಟ್ಟಾದ ಬಡಾವಣೆಯಲ್ಲಿ ಮಕ್ಕಳೇ ಮುಂದಾಗಿ, ನಮಗೆ ಆಡಲು ಬೀದಿ ಬೇಕೆಂದು ಮೋಟಾರುಗಳಿಗೆ ಅಡ್ಡ ನಿಂತರು. 1975ರಲ್ಲಿ ಸವಾರರದೇ ಸಂಘವೊಂದು ಹುಟ್ಟಿತು. ಅದು ಇಟ್ಟುಕೊಂಡ ಹೆಸರಿನಲ್ಲಿ ಚೇಷ್ಟೆಯಿತ್ತು: ‘ಮೊದಲನೆಯ, ಒಂದೇ ಒಂದಾದ, ನಿಜವಾದ’ ಸವಾರರ ಸಂಘವಂತೆ! 1883ರಲ್ಲಿ ಸೈಕಲ್ ಸವಾರರಿಗಾಗಿಯೇ ಹುಟ್ಟಿ ಮುಂದೆ ಮೋಟಾರಿನವರ ಪಕ್ಷ ವಹಿಸಿದ ಹಳೆಯ ಸಂಸ್ಥೆಯೊಂದಕ್ಕೆ ಹಾಕಿದ ಚುಚ್ಚುಮಾತು ಅದು. ಹಳೆಯ ಸಂಸ್ಥೆ ಕೋರ್ಟಿಗೂ ಹೋಯಿತು. ಒಂದು ಅಕ್ಷರ ಬದಲಾಯಿತು, ಸಂಘ ಉಳಿಯಿತು.

ಈ ನಡುವೆ ಇನ್ನೊಂದು ಘಟನೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಹಾಲೆಂಡಿಗೆ ಎಣ್ಣೆ ಕೊಡುವುದನ್ನು ನಿಲ್ಲಿಸಿದವು. ಭಾನುವಾರಗಳಂದು ಮೋಟಾರು ಓಡಿಸಕೂಡದೆಂದು ಸರ್ಕಾರ ಆಜ್ಞೆ ಹೊರಡಿಸಿತು. ಅಂಥ ಮೊದಲ ಭಾನುವಾರ ಬಂದದ್ದು ನವೆಂಬರ್ 4ರಂದು. ಕೊನೆಯದು 1974ರ ಜನವರಿ 6ರಂದು. ನವೆಂಬರ್ 1973 ಎಂದೊಡನೆ ಕನ್ನಡಿಗರಾದ ನಮಗೆ ಬೇರೊಂದು ನೆನಪು ಬರುವುದು ಸಹಜ. ಅದೇ ತಿಂಗಳ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಇಲ್ಲಿ ನಾವು ನಾಡಿನ ಹೆಸರನ್ನು ಮರಳಿ ಪಡೆದು ಮೆರವಣಿಗೆ ಮಾಡಿದ ಮೂರನೆಯ ದಿನ, ಅಲ್ಲಿ ಆ ಜನ ತಮ್ಮ ಬೀದಿಗಳನ್ನು ಮರಳಿ ಕಂಡರು. ಹೆದ್ದಾರಿಯ ಮೇಲೆ ಸೈಕಲ್ಲುಗಳು ಬಂದವು, ಗಾಲಿಚಪ್ಪಲಿ ಕಟ್ಟಿಕೊಂಡ ಮಕ್ಕಳು ಬಂದರು. ಊರು ಎಷ್ಟು ಶಾಂತವಾಗಿರಬಲ್ಲದೆಂಬುದು ಕಿವಿಗೆ ಕೇಳಿಸಿತು.

ಆದರೆ ಚಳವಳಿಯಿಂದಲೇ ಹಾದಿಯಾಗುವುದಿಲ್ಲ; ಹಾದಿಯನ್ನು ಯಾರಾದರೂ ಕಾಗದದ ಮೇಲೆ ಎಳೆಯಬೇಕು, ನೆಲದ ಮೇಲೆ ಕಟ್ಟಬೇಕು. ಅಲ್ಲಿಯ ಇಂಜಿನಿಯರುಗಳೂ ಮೊದಲಿಗೆ ತಪ್ಪು ಮಾಡಿಯೇ ಕಲಿತರು. 1970ರ ದಶಕದ ನಡುವೆ ಹೇಗ್ ಮತ್ತು ಟಿಲ್ಬರ್ಗ್ ನಗರಗಳಲ್ಲಿ ಸರ್ಕಾರದ ಹಣದಿಂದ ಒಂದೊಂದು ಉದ್ದನೆಯ ಮಾದರಿ ಹಾದಿಯನ್ನು ಮಾಡಿದರು. ಹಾದಿ ಸೊಗಸಾಗಿತ್ತು, ಅಂಗಡಿಯವರು ಗಲಾಟೆ ಮಾಡಿದರು, ಸವಾರರು ಸಂತೋಷಪಟ್ಟರು. ಆದರೆ ಸೈಕಲ್ಲು ಬಿಟ್ಟಿದ್ದವರು ನಿರೀಕ್ಷಿಸಿದಷ್ಟು ಸಂಖ್ಯೆಯಲ್ಲಿ ಮರಳಿ ಹತ್ತಲಿಲ್ಲ. ಕಾರಣ ಸರಳ. ಮನೆಯಿಂದ ಆ ಹಾದಿಯವರೆಗೆ, ಆ ಹಾದಿಯಿಂದ ಶಾಲೆಯವರೆಗೆ ಹಳೆಯ ಭಯವೇ ಇತ್ತು. ಒಂದು ಸೇತುವೆಯ ನಡುವಿನ ಕಮಾನು ಎಷ್ಟು ಚೆಲುವಾಗಿದ್ದರೇನು, ಎರಡು ದಡ ಮುಟ್ಟದಿದ್ದರೆ?

ಈ ಪಾಠವನ್ನು ಡೆಲ್ಫ್ಟ್ ಎಂಬ ಚಿಕ್ಕ ನಗರ ಕಾರ್ಯಕ್ಕೆ ತಂದಿತು. 1979ರಲ್ಲಿ ಸಿದ್ಧವಾಗಿ ಮುಂದಿನ ದಶಕದಲ್ಲಿ ಕಟ್ಟಲಾದ ಅಲ್ಲಿಯ ಯೋಜನೆ ಒಂದು ಹಾದಿಯದಲ್ಲ, ಹಾದಿಗಳ ಬಲೆಯದು. ಊರಿನಾಚೆಯಿಂದೀಚೆಗೆ ಹೋಗುವ ಮುಖ್ಯ ಹಾದಿಗಳು ಸುಮಾರು ಅರ್ಧ ಕಿಲೋಮೀಟರಿಗೊಂದು. ಬಡಾವಣೆಯೊಳಗಿನವು ಇನ್ನೂರು ಮುನ್ನೂರು ಮೀಟರಿಗೊಂದು. ಕೇರಿಯ ಮಕ್ಕಳು ಅಂಗಡಿಗೋ ಶಾಲೆಗೋ ಹೋಗುವ ಸಣ್ಣ ಹಾದಿಗಳು ಸುಮಾರು ನೂರು ಮೀಟರಿಗೊಂದು. ಎಲ್ಲಿ ಕಾಲುವೆ ಅಡ್ಡ ಬಂತೋ ಅಲ್ಲಿ ಪುಟ್ಟ ಸೇತುವೆ, ಎಲ್ಲಿ ರೈಲು ಅಡ್ಡ ಬಂತೋ ಅಲ್ಲಿ ಸುರಂಗ. ಮನೆಯಂಗಳದಂಥ ಬೀದಿಯೆಂಬ ಕಲ್ಪನೆ ಕಾರ್ಯರೂಪಕ್ಕೆ ಬಂದದ್ದೂ ಅದೇ ಊರಿನಲ್ಲಿ. ಗಿಡ, ಬೆಂಚು, ತಿರುವುಗಳನ್ನು ಇಟ್ಟು, ಮೋಟಾರು ನಡಿಗೆಯ ವೇಗದಲ್ಲಿ ಮಾತ್ರ ಅತಿಥಿಯಂತೆ ಬರಬಹುದಾದ ಬೀದಿ ಅದು. 1976ರಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ದೊರೆಯಿತು. ಊರೊಳಗೆ ಗಂಟೆಗೆ 30 ಕಿಲೋಮೀಟರಿನ ವಲಯಗಳಿಗೆ 1983ರಲ್ಲಿ ಅವಕಾಶವಾಯಿತು.

ಗ್ರೋನಿಂಗೆನ್ ನಗರದ ದಾರಿ ಇನ್ನೂ ದಿಟ್ಟವಾದದ್ದು. ಅಲ್ಲಿ ಮಾಕ್ಸ್ ವಾನ್ ಡೆನ್ ಬರ್ಗ್ ಎಂಬ ಯುವಕ ನಗರಾಡಳಿತದಲ್ಲಿ ಅಧಿಕಾರದಲ್ಲಿದ್ದನು. ಊರ ನಡುಭಾಗವನ್ನು ನಾಲ್ಕು ಹೋಳಾಗಿ ವಿಂಗಡಿಸಿ, ಒಂದು ಹೋಳಿನಿಂದ ಇನ್ನೊಂದಕ್ಕೆ ಮೋಟಾರು ನೇರವಾಗಿ ಹೋಗದಂತೆ ಮಾಡಿದರು. ಅದು ಹೊರಬಂದು ಸುತ್ತುರಸ್ತೆ ಹಿಡಿದೇ ಹೋಗಬೇಕು. ಸೈಕಲ್ಲಿಗೂ ಪಾದಚಾರಿಗೂ ಮಾತ್ರ ನೇರ ದಾರಿ. ವ್ಯಾಪಾರಿಗಳ ವಿರೋಧವಿದ್ದರೂ 1977ರ ಸೆಪ್ಟೆಂಬರಿನಲ್ಲಿ ಒಂದೇ ದಿನ ಈ ಏರ್ಪಾಡು ಜಾರಿಗೆ ಬಂದಿತು. ಕೋಟಿಗಟ್ಟಲೆ ಹಣ ಬೇಕಾಗಲಿಲ್ಲ. ಕೆಲವು ಫಲಕಗಳೂ ಅಡ್ಡಗಟ್ಟೆಗಳೂ ಸಾಕಾದವು. ಬೇಕಾದದ್ದು ಎದೆಗಾರಿಕೆ.

ಈ ಅನುಭವಗಳನ್ನೆಲ್ಲ ಕೂಡಿಸಿ 1993ರಲ್ಲಿ ಡಚ್ ಇಂಜಿನಿಯರುಗಳು ಒಂದು ಕೈಪಿಡಿಯನ್ನು ಹೊರತಂದರು. ಹಾದಿ ಕಡಿಯದೆ ಕೂಡಿಕೊಂಡಿರಬೇಕು, ನೇರವಾಗಿರಬೇಕು, ಸುರಕ್ಷಿತವಾಗಿರಬೇಕು, ಹೋಗಲು ಹಿತವಾಗಿರಬೇಕು, ಕಣ್ಣಿಗೆ ಒಪ್ಪುವಂತಿರಬೇಕು: ಈ ಐದು ಲಕ್ಷಣಗಳನ್ನು ಅದು ಹೇಳಿತು. ಅದಕ್ಕೆ ಒಂದು ವರ್ಷ ಮೊದಲು, 1992ರಲ್ಲಿ, ಅಲ್ಲಿಯ ರಸ್ತೆ ಸುರಕ್ಷತೆಯ ಸಂಶೋಧನಾ ಸಂಸ್ಥೆ ಮುಂದಿಟ್ಟ ತತ್ತ್ವ ನಮಗೆ ಇನ್ನೂ ಮುಖ್ಯವೆಂದು ತೋರುತ್ತದೆ. ಮನುಷ್ಯ ತಪ್ಪು ಮಾಡುವವನೇ; ಆ ತಪ್ಪಿಗೆ ಮರಣದಂಡನೆಯಾಗದಂತೆ ರಸ್ತೆಯನ್ನು ಕಟ್ಟುವುದು ಕಟ್ಟುವವನ ಹೊಣೆ.

ಇದನ್ನು ಆಚರಣೆಗೆ ತರುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೋಟಾರಿನ ವೇಗ ಇಮ್ಮಡಿಯಾದರೆ ಅದರ ಹೊಡೆತ ನಾಲ್ಮಡಿಯಾಗುತ್ತದೆ. ಆದ್ದರಿಂದ ವೇಗ ಮೂವತ್ತರೊಳಗಿದ್ದರೆ ಸೈಕಲ್ಲೂ ಮೋಟಾರೂ ಒಂದೇ ಬೀದಿಯಲ್ಲಿ ಹೋಗಬಹುದು. ಅಲ್ಲಿ ಬೇರೆ ಹಾದಿ ಬೇಡ, ವೇಗ ಏರದಂತೆ ಉಬ್ಬು, ಇಕ್ಕಟ್ಟು, ತಿರುವುಗಳು ಬೇಕು. ವೇಗ ಐವತ್ತಾದರೆ ಸೈಕಲ್ಲಿಗೆ ಬೇರೆಯೇ ಹಾದಿ ಬೇಕು; ನಡುವೆ ಬಣ್ಣದ ಗೆರೆಯಲ್ಲ, ಏರುಕಟ್ಟೆಯೋ ಹುಲ್ಲಿನ ಪಟ್ಟಿಯೋ ಇರಬೇಕು. ಇಬ್ಬರು ಪಕ್ಕಪಕ್ಕದಲ್ಲಿ ಮಾತನಾಡುತ್ತ ಹೋಗುವಷ್ಟು ಅಗಲವಿರಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಚೌಕ. ಹಾದಿಯ ನಡುವೆ ಕಾಯ್ದ ಸವಾರನನ್ನು ಚೌಕದಲ್ಲಿ ಕೈಬಿಟ್ಟರೆ ಕಾಯ್ದದ್ದೇ ವ್ಯರ್ಥ. ಡಚ್ಚರು ಚೌಕದ ಮೂಲೆಗಳಲ್ಲಿ ಪುಟ್ಟ ದ್ವೀಪದಂಥ ಕಟ್ಟೆಗಳನ್ನು ಕಟ್ಟುತ್ತಾರೆ. ತಿರುಗುವ ಮೋಟಾರು ಆ ಕಟ್ಟೆಯನ್ನು ಬಳಸಿಕೊಂಡೇ ಹೋಗಬೇಕಾದುದರಿಂದ ವೇಗ ತಾನಾಗಿ ಇಳಿಯುತ್ತದೆ. ತಿರುಗಿದ ಮೇಲೆ ಸವಾರನು ಚಾಲಕನ ಕಣ್ಣೆದುರಿಗೇ ಇರುತ್ತಾನೆ, ಬೆನ್ನ ಹಿಂದಲ್ಲ. ಅಡ್ಡಬೀದಿ ಬಂದಲ್ಲಿ ಸೈಕಲ್ ಹಾದಿ ಕೆಳಗಿಳಿಯುವುದಿಲ್ಲ. ಮೋಟಾರೇ ಮೇಲೆ ಹತ್ತಿ ಇಳಿಯಬೇಕು. ಇದು ಯಾರ ಹಾದಿ, ದಾಟುವವರು ಯಾರು ಎಂಬುದು ಫಲಕವಿಲ್ಲದೆಯೇ ತಿಳಿಯುತ್ತದೆ.

ಫಲವೇನಾಯಿತು? ಇಂದು ಆ ದೇಶದಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಜನರ ಓಡಾಟದಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಸೈಕಲ್ಲಿನ ಮೇಲೆಯೇ ನಡೆಯುತ್ತದೆ. ಉಟ್ರೆಕ್ಟಿನ ರೈಲುನಿಲ್ದಾಣದ ಕೆಳಗೆ 12,500 ಸೈಕಲ್ಲುಗಳನ್ನು ನಿಲ್ಲಿಸುವ ಸ್ಥಳ 2019ರಲ್ಲಿ ಪೂರ್ಣವಾಯಿತು. ಅದೇ ಊರಿನಲ್ಲಿ ಹೆದ್ದಾರಿಗಾಗಿ ಬರಿದು ಮಾಡಿದ್ದ ಕಾಲುವೆಗೆ 2020ರಲ್ಲಿ ಮತ್ತೆ ನೀರು ಬಂದಿತು. 1971ರಲ್ಲಿ 3,300ರಷ್ಟಿದ್ದ ರಸ್ತೆಸಾವು 2023ರಲ್ಲಿ 684ಕ್ಕೆ ಇಳಿದಿತ್ತು. ಎಲ್ಲವೂ ಸರಿಹೋಯಿತೆಂದಲ್ಲ. ಆ 684ರಲ್ಲಿ 270 ಮಂದಿ ಸೈಕಲ್ ಸವಾರರು. ಅವರಲ್ಲಿ ವಯಸ್ಸಾದವರೇ ಹೆಚ್ಚು. ಕೆಲಸ ಮುಗಿದಿಲ್ಲವೆಂದು ಅವರೇ ಹೇಳುತ್ತಾರೆ.

ಇನ್ನು ನಮ್ಮ ಮನೆಯ ಕಡೆ ತಿರುಗೋಣ. ಈ ವಿದ್ಯೆ ನಮಗೆ ತೀರ ಹೊಸದೇನೂ ಅಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸು ಸೈಕಲ್ ಹಾದಿಗಳ ರಚನೆಗೆಂದೇ 1962ರಲ್ಲಿ ಒಂದು ನಿಯಮಾವಳಿಯನ್ನು ಪ್ರಕಟಿಸಿತು. ತಾಸಿಗೆ 200ಕ್ಕಿಂತ ಹೆಚ್ಚು ಮೋಟಾರುಗಳು ಓಡುವ ರಸ್ತೆಯಲ್ಲಿ ಸೈಕಲ್ಲುಗಳು ತಾಸಿಗೆ 100 ಇದ್ದರೂ ಸಾಕು, ಅವಕ್ಕೆ ಬೇರೆ ಹಾದಿ ಕೊಡುವುದು ಯುಕ್ತವೆಂದು ಅದು ಹೇಳಿತ್ತು. ಚಂಡೀಗಢದ ನಕ್ಷೆಯಲ್ಲಿ ಲ ಕಾರ್ಬೂಸಿಯೆ ಏಳು ಬಗೆಯ ರಸ್ತೆಗಳನ್ನು ಎಣಿಸಿದ್ದನು. ಎಂಟನೆಯದಾಗಿ ಸೇರಿದ್ದು ಸೈಕಲ್ ಹಾದಿ. ಡೆಲ್ಫ್ಟ್ ನಗರ ತನ್ನ ಬಲೆ ನೇಯುವುದಕ್ಕಿಂತ ಹದಿನೇಳು ವರ್ಷ ಮೊದಲೇ ನಮ್ಮ ನಿಯಮ ಅಚ್ಚಾಗಿತ್ತು! 2006ರಲ್ಲಿ ರಾಷ್ಟ್ರೀಯ ನಗರ ಸಾರಿಗೆ ನೀತಿ ಬಂತು. ಅದೇ ವರ್ಷ ಪುಣೆಯಲ್ಲಿ ಸ್ವಾರಗೇಟಿನಿಂದ ಕಾತ್ರಜ್, ಹಡಪಸರಗಳ ಕಡೆಗೆ ಬಸ್ಸಿನ ಪ್ರತ್ಯೇಕ ಮಾರ್ಗವಾದಾಗ ಅದರ ಪಕ್ಕದಲ್ಲಿ ಸೈಕಲ್ಲಿಗೂ ಜಾಗ ಬಿಟ್ಟರು. 2017ರಲ್ಲಿ ಇಡೀ ಊರಿಗಾಗಿ ಒಂದು ಸಮಗ್ರ ಬೈಸಿಕಲ್ ಯೋಜನೆ ಅಂಗೀಕೃತವಾಯಿತು.

ನಿಯಮವುಂಟು, ನಕ್ಷೆಯುಂಟು. ನಮ್ಮ ದೇಶದ ಪಟ್ಟಣಗಳಲ್ಲಿ ಸೈಕಲ್ ಹಾದಿಯೆಂದು ಕರೆಸಿಕೊಳ್ಳುವುದರ ಮೇಲೆ ಹೋಗಿ ನೋಡಿದವರಿಗೆ ಮುಂದಿನದು ಗೊತ್ತು. ನೂರು ಗಜ ನೆಟ್ಟಗೆ ಹೋಗುತ್ತದೆ. ಆಮೇಲೆ ಒಂದು ವಿದ್ಯುತ್ ಕಂಬ, ಒಂದು ಮರ, ನಿಲ್ಲಿಸಿದ ನಾಲ್ಕು ಸ್ಕೂಟರು, ಬಾಳೆಹಣ್ಣಿನ ಗಾಡಿ. ಗಾಡಿಯವನನ್ನು ಬಯ್ದು ಫಲವಿಲ್ಲ. ಅವನಿಗೂ ನಕ್ಷೆಯಲ್ಲಿ ಜಾಗ ಇಟ್ಟಿರಲಿಲ್ಲ. ಕೊನೆಗೆ ಚೌಕ ಬಂದಾಗ, ಎಲ್ಲಿ ಹಾದಿ ಅತ್ಯಂತ ಅವಶ್ಯವೋ ಅಲ್ಲಿಯೇ ಅದು ಮುಗಿದುಹೋಗುತ್ತದೆ. ಸವಾರ ಬರಲಿಲ್ಲ, ಆದುದರಿಂದ ಹಾದಿ ಬೇಡವೆಂದು ವಾದ ಹೂಡುತ್ತೇವೆ. ಹೇಗ್ ಮತ್ತು ಟಿಲ್ಬರ್ಗಿನ ತಪ್ಪನ್ನು ನಾವೂ ಮಾಡಿದೆವು. ಡೆಲ್ಫ್ಟಿನ ಪಾಠವನ್ನು ಮಾತ್ರ ಓದಲಿಲ್ಲ.

ತವರುನಾಡಿನ ಸಂಗತಿಯನ್ನೂ ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಕರ್ನಾಟಕ ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡಲಾರಂಭಿಸಿತು. ಹಳ್ಳಿಯಿಂದ ಪಕ್ಕದೂರಿನ ಹೈಸ್ಕೂಲಿಗೆ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸೈಕಲ್ಲು ತುಳಿದು ಹೋಗುವ ದೃಶ್ಯ ಕಣ್ಣಿಗೆ ಹಬ್ಬ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಿಂದ 450 ಸೈಕಲ್ಲುಗಳ ಸಾರ್ವಜನಿಕ ಏರ್ಪಾಡು ಆರಂಭವಾಯಿತು. ಎರಡೂ ಶ್ಲಾಘ್ಯ. ಆದರೆ ಸೈಕಲ್ಲು ಕೊಟ್ಟ ಕೈ ಹಾದಿಯನ್ನೂ ಕೊಡಬೇಕು. ಆ ಹುಡುಗಿಯರು ತುಳಿಯುವ ರಸ್ತೆಯಲ್ಲಿಯೇ ಮರಳಿನ ಲಾರಿಗಳೂ ಓಡುತ್ತವೆ ಎಂಬುದನ್ನು ಮರೆಯಲಾಗದು.

ಹುಟ್ಟು ಸವಾರರೆಂಬ ಜನ ಎಲ್ಲಿಯೂ ಇಲ್ಲ. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಟ್ಟಿನಿಂದ ಬಂದದ್ದೆಂದು ಸುಮ್ಮನೆ ಕುಳಿತರೆ ಒಂದೇ ತಲೆಮಾರಿನಲ್ಲಿ ಕೈಬಿಟ್ಟು ಹೋಗುತ್ತದೆ. ಹಾದಿ ಮಾಡಿಕೊಟ್ಟರೆ ಉಳಿಯುತ್ತದೆ. ಡಚ್ಚರು ಕಳೆದುಕೊಳ್ಳುತ್ತಿದ್ದುದನ್ನು ಉಳಿಸಿಕೊಂಡರು. ಆ ಕೆಲಸವನ್ನು ಆರಂಭಿಸಿದವರು ಮಂತ್ರಿಗಳಲ್ಲ, ಮಕ್ಕಳ ತಂದೆತಾಯಂದಿರು.

ನಮ್ಮ ಕೈಯಲ್ಲಿರುವುದು ಚಿಕ್ಕದು. ಆದರೂ ಒಂದು ಸೂಚನೆ ಮಾಡಬಯಸುತ್ತೇವೆ. ಕನ್ನಡ ತರಗತಿ ನಡೆಯುವ ಸ್ಥಳದಿಂದ ಒಂದು ಕಿಲೋಮೀಟರಿನೊಳಗೆ ಇರುವ ನಮ್ಮ ಮನೆಗಳನ್ನು ಎಣಿಸೋಣ. ಪ್ರತಿಯೊಂದು ಮನೆಯಿಂದ ಮಗು ಸೈಕಲ್ಲಿನಲ್ಲಿ ಬರಬೇಕಾದರೆ ಯಾವ ಚೌಕ ಅಡ್ಡಿ, ಎಲ್ಲಿ ಹಾದಿ ಕಡಿದಿದೆ, ಯಾವ ತಿರುವಿನಲ್ಲಿ ಮೋಟಾರು ವೇಗ ತಗ್ಗಿಸುವುದಿಲ್ಲ ಎಂಬುದನ್ನು ನಾವೇ ನಡೆದು ನೋಡಿ ಬರೆದಿಡೋಣ. ನೆರೆಹೊರೆಯ ಮರಾಠಿ ಬಂಧುಗಳನ್ನೂ ಜೊತೆಗೆ ಕರೆಯೋಣ. ಈ ಭಯಕ್ಕೆ ಭಾಷೆಯ ಭೇದವಿಲ್ಲ. ಆ ಪಟ್ಟಿಯನ್ನು ಹಿಡಿದುಕೊಂಡು ವಾರ್ಡಿನ ಸದಸ್ಯರ ಬಾಗಿಲಿಗೆ ಹೋಗೋಣ. ಒಮ್ಮೆಗೆ ಆಗದಿದ್ದರೆ ಮತ್ತೊಮ್ಮೆ ಹೋಗೋಣ.

ಮುಂದಿನ ರಾಜ್ಯೋತ್ಸವದ ಹೊತ್ತಿಗೆ ನಮ್ಮ ಸಭಾಭವನದ ಗೋಡೆಗೆ ಒರಗಿಸಿಟ್ಟ ನಾಲ್ಕು ಚಿಕ್ಕ ಸೈಕಲ್ಲುಗಳನ್ನು ಕಂಡೆವಾದರೆ ನಮಗೆ ಅಷ್ಟೇ ಸಾಕು.